ಕಳಿಸಿದ ರೋಗಿಯ ಸುದ್ದಿ ವಾಪಸ್ ಬರಲಿ: ಆರೋಗ್ಯ ಸೇವೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಆರೋಗ್ಯ ಇಲಾಖೆಗಳನ್ನು ನಡೆಸುವವರಿಗೆ, ದೊಡ್ಡ ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿಗೆ, ಆರೋಗ್ಯಕ್ಕೆಂದು ಹಣ ಹಂಚುವ ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ನರ್ಸ್ ಕೂಡ ಅಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದಾಗ ಫೈಲ್ ಹಿಡಿದು ಜೊತೆಗೆ ಹೋಗುವವಳು. ಹಾಗೆ ಹೋಗಿ ಬಂದು, ಹೋಗಿ ಬಂದು ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ನಿಮಗೇ ನೇರವಾಗಿ ಹೇಳಬೇಕು ಅನ್ನಿಸಿತು.

ನಮ್ಮ ದೊಡ್ಡಮ್ಮನಿಗೆ ಬಿಪಿ. ಎಷ್ಟೋ ವರ್ಷದಿಂದ ಹತ್ತಿರದ ಚಿಕ್ಕ ಆಸ್ಪತ್ರೆಯ ನರ್ಸ್ ಒಬ್ಬರು ನೋಡಿಕೊಳ್ಳುತ್ತಿದ್ದರು. ದೊಡ್ಡಮ್ಮನಿಗೆ ಯಾವ ಮಾತ್ರೆ ಒಗ್ಗುತ್ತದೆ, ಯಾವುದನ್ನು ತಗೊಂಡರೆ ಕಾಲು ಊದುತ್ತದೆ, ಯಾವ ದಿನಗಳಲ್ಲಿ ಮಾತ್ರೆ ಮರೆಯುತ್ತಾರೆ, ಎಲ್ಲ ಆ ನರ್ಸಿಗೆ ಬಾಯಿಪಾಠ. ಒಂದು ದಿನ ಎದೆನೋವು ಅಂದಾಗ ಅವರೇ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಆ ಚೀಟಿಯನ್ನು ಯಾರೂ ಓದಲಿಲ್ಲ. ಎಲ್ಲ ಪರೀಕ್ಷೆ ಮೊದಲಿಂದ ಶುರು. ಐದು ದಿನ ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಹೊಸ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ಮನೆಗೆ ಬಂದ ದೊಡ್ಡಮ್ಮ ಹಳೆಯ ಡಬ್ಬಿಯ ಮಾತ್ರೆಯನ್ನೂ ನುಂಗಿದರು, ಹೊಸದನ್ನೂ ನುಂಗಿದರು. ಎರಡರ ಒಳಗೂ ಇದ್ದದ್ದು ಒಂದೇ ಔಷಧ. ಕಂಪನಿ ಇಟ್ಟ ಹೆಸರು ಮಾತ್ರ ಬೇರೆ ಬೇರೆ. ನಾಲ್ಕನೇ ದಿನ ಬೆಳಗ್ಗೆ ಹಾಸಿಗೆಯಿಂದ ಎದ್ದು ನಿಂತವರು ಹಾಗೇ ಕುಸಿದು ಬಿದ್ದರು. ಬಿಪಿ ಪಾತಾಳಕ್ಕೆ ಇಳಿದಿತ್ತು, ಸೊಂಟಕ್ಕೆ ಪೆಟ್ಟು.

ಬದುಕಿಕೊಂಡರು, ಪುಣ್ಯ. ಆದರೆ ಆ ನರ್ಸ್ ಬಂದು ಎರಡೂ ಡಬ್ಬಿಗಳನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ. "ಡಿಸ್ಚಾರ್ಜ್ ಆಯ್ತು ಅಂತ ನನಗೊಂದು ಫೋನ್ ಬಂದಿದ್ರೆ ಅವತ್ತೇ ಬಂದು ಹಳೇ ಮಾತ್ರೆ ತೆಗೆದಿಡ್ತಿದ್ದೆ."

ಯಾರದ್ದು ತಪ್ಪು ಅಂತ ಆಮೇಲೆ ತುಂಬ ದಿನ ಯೋಚಿಸಿದೆ. ಚಿಕ್ಕ ಆಸ್ಪತ್ರೆ ತನ್ನ ಕೆಲಸ ಮಾಡಿತ್ತು. ದೊಡ್ಡ ಆಸ್ಪತ್ರೆಯೂ ತನ್ನ ಕೆಲಸ ಮಾಡಿತ್ತು. ಈ ಎರಡರ ನಡುವೆ ಒಂದು ಕೆಲಸ ಇತ್ತಲ್ಲ, ಅದು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಅದಕ್ಕೆ ಸಂಬಳ ಇಲ್ಲ, ಸಮಯ ಇಲ್ಲ, ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ. ನಾನು ಇವತ್ತು ಕೇಳುತ್ತಿರುವುದು ಆ ಕೆಲಸದ ಬಗ್ಗೆ. ನೀವು ಆರೋಗ್ಯ ಜಾಲ, ನೆಟ್‌ವರ್ಕ್ ಅಂತ ಕರೆಯುತ್ತೀರಲ್ಲ, ಅದರ ಜೀವ ಇರುವುದೇ ಈ ನಡುವಿನ ಕೆಲಸದಲ್ಲಿ.

ಪಟ್ಟಣದಿಂದ ದೂರ ಇರುವವರ ಸ್ಥಿತಿ ನಿಮಗೆ ಗೊತ್ತಿಲ್ಲದ್ದೇನಲ್ಲ. ಜಗತ್ತಿನ ಸುಮಾರು ಅರ್ಧ ಜನ ಹಳ್ಳಿಗಳಲ್ಲಿದ್ದಾರೆ, ಆದರೆ ವೈದ್ಯರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಮಂದಿ ಮಾತ್ರ ಅಲ್ಲಿ ಕೆಲಸ ಮಾಡುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2010ರಲ್ಲಿ ಹೇಳಿತ್ತು. ಅದಕ್ಕೂ ಬಹಳ ಹಿಂದೆ, 1971ರಲ್ಲಿ, ಬ್ರಿಟನ್ನಿನ ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು: ಒಳ್ಳೆಯ ಚಿಕಿತ್ಸೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಅದು ಕಡಿಮೆ ಸಿಗುತ್ತದೆ ಅಂತ. ಅರ್ಧ ಶತಮಾನ ಕಳೆದರೂ ಆ ಮಾತು ಹಳೆಯದಾಗಿಲ್ಲ. ಪ್ರತಿ ಹಳ್ಳಿಗೂ ಒಬ್ಬ ಹೃದಯ ತಜ್ಞರು, ಒಬ್ಬ ಮಕ್ಕಳ ತಜ್ಞರು ಬರುವ ದಿನಕ್ಕೆ ಕಾಯುತ್ತಾ ಕೂತರೆ ನಮ್ಮ ಮೊಮ್ಮಕ್ಕಳೂ ಕಾಯಬೇಕಾಗುತ್ತದೆ. ಹಾಗಾದರೆ ಏನು ಮಾಡೋದು? ಇದಕ್ಕೆ ಉತ್ತರ ಬೇರೆ ಬೇರೆ ಕಡೆ ಜನ ಮಾಡಿ ತೋರಿಸಿದ್ದಾರೆ, ಅದನ್ನು ನೀವು ಇನ್ನೊಮ್ಮೆ ಗಮನವಿಟ್ಟು ನೋಡಬೇಕು ಅಂತ ನನ್ನ ಕೋರಿಕೆ.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯವನ್ನೇ ತಗೊಳ್ಳಿ. ಅಲ್ಲಿ ಸಂಜೀವ್ ಅರೋರಾ ಅನ್ನುವ ಲಿವರ್ ತಜ್ಞರ ಹತ್ತಿರ ಹೆಪಟೈಟಿಸ್ ಸಿ ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಿತ್ತು. ಅದು ವೈರಸ್‌ನಿಂದ ಲಿವರ್‌ಗೆ ಬರುವ, ಗುಣವಾಗುವ ಕಾಯಿಲೆ, ಆದರೆ ಆಗ ಚಿಕಿತ್ಸೆ ಉದ್ದ, ಅಡ್ಡ ಪರಿಣಾಮ ಜಾಸ್ತಿ, ಮತ್ತೆ ಮತ್ತೆ ಬರಬೇಕಿತ್ತು. ನೂರಾರು ಮೈಲಿ ದೂರದಿಂದ ಯಾರು ಹಾಗೆ ಬಂದು ಹೋಗಲು ಸಾಧ್ಯ? 2003ರಲ್ಲಿ ಅವರು ಪ್ರಾಜೆಕ್ಟ್ ಎಕೋ ಶುರು ಮಾಡಿದರು. ರೋಗಿಯನ್ನು ಪಟ್ಟಣಕ್ಕೆ ಕರೆಸುವ ಬದಲು, ಹಳ್ಳಿಯ ಡಾಕ್ಟರುಗಳು ಮತ್ತು ನರ್ಸ್‌ಗಳು ವಾರಕ್ಕೊಮ್ಮೆ ವಿಡಿಯೋದಲ್ಲಿ ತಜ್ಞರ ಜೊತೆ ಕೂರುತ್ತಿದ್ದರು. ಒಬ್ಬೊಬ್ಬರೂ ತಮ್ಮ ಹತ್ತಿರ ಇರುವ ರೋಗಿಯ ವಿಷಯ ಇಡುತ್ತಾರೆ, ಹೆಸರು ಹೇಳದೆ. ತಜ್ಞರು ಸಲಹೆ ಕೊಡುತ್ತಾರೆ, ಉಳಿದವರು ಕೇಳಿಸಿಕೊಳ್ಳುತ್ತಾರೆ, ತಮ್ಮ ಅನುಭವ ಸೇರಿಸುತ್ತಾರೆ. ಚಿಕಿತ್ಸೆ ಕೊಡುವವರು ಮಾತ್ರ ಹಳ್ಳಿಯ ಡಾಕ್ಟರೇ. ಹೀಗೆ ಒಂದಷ್ಟು ತಿಂಗಳು ಕೂತರೆ ಆ ಡಾಕ್ಟರೇ ತನ್ನ ಸುತ್ತಮುತ್ತಲಿನವರಿಗೆ ತಜ್ಞರಾಗುತ್ತಾರೆ ಅಲ್ವಾ?

ಇದು ಸುಮ್ನೆ ಹೇಳುವ ಮಾತಲ್ಲ. 407 ರೋಗಿಗಳ ಲೆಕ್ಕ 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರಲ್ಲಿ 57.5% ಜನ ವೈರಸ್‌ನಿಂದ ಮುಕ್ತರಾಗಿದ್ದರು. ಹಳ್ಳಿಯ ಕೇಂದ್ರಗಳಲ್ಲಿ ಮತ್ತು ಜೈಲುಗಳಲ್ಲಿ ಪಡೆದವರಲ್ಲಿ 58.2%. ಅಂದರೆ ಎರಡೂ ಸಮ. ಜೈಲುಗಳು ಅಂದದ್ದನ್ನು ಗಮನಿಸಿ. ಯಾರೂ ಕೇಳುವವರಿಲ್ಲದ ಜಾಗ ಅದು. ಇನ್ನೂ ಒಂದು ಅಂಕಿ ಇದೆ, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ: ಗಂಭೀರ ಅಡ್ಡ ಪರಿಣಾಮ ವಿಶ್ವವಿದ್ಯಾಲಯದಲ್ಲಿ 13.7% ರೋಗಿಗಳಿಗೆ ಆಗಿತ್ತು, ಈ ಚಿಕ್ಕ ಕೇಂದ್ರಗಳಲ್ಲಿ 6.9%. ಇದನ್ನು ಓದಿದಾಗ ನನಗೆ ನಮ್ಮ ದೊಡ್ಡಮ್ಮನ ನರ್ಸ್ ನೆನಪಾದರು. ರೋಗಿಯ ಮನೆ ಗೊತ್ತಿರುವವರು, ಭಾಷೆ ಗೊತ್ತಿರುವವರು, ಮುಖ ನೋಡಿದ ಕೂಡಲೇ ಏನೋ ಸರಿಯಿಲ್ಲ ಅಂತ ಹೇಳಬಲ್ಲವರು ಚಿಕಿತ್ಸೆ ಕೊಡುತ್ತಿದ್ದರೆ ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ ಅಂತ ನನ್ನ ನಂಬಿಕೆ.

ಇದಕ್ಕೆ ವಿಡಿಯೋ, ಇಂಟರ್ನೆಟ್ಟೇ ಆಗಬೇಕು ಅಂತಲೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಹಾರುವ ಡಾಕ್ಟರುಗಳ ಸೇವೆ ಶುರುವಾದದ್ದು 1928ರಲ್ಲಿ. ವಿಮಾನದ ಕಥೆ ಎಲ್ಲರಿಗೂ ಇಷ್ಟ, ಆದರೆ ಅದರ ಬೆನ್ನೆಲುಬು ಆಲ್ಫ್ರೆಡ್ ಟ್ರೇಗರ್ ಮಾಡಿದ ಪೆಡಲ್ ರೇಡಿಯೋ. ಸೈಕಲ್ ತುಳಿದ ಹಾಗೆ ತುಳಿದರೆ ಕರೆಂಟ್ ಹುಟ್ಟುತ್ತಿತ್ತು, ನೂರಾರು ಕಿಲೋಮೀಟರ್ ದೂರದ ಮನೆಯಿಂದ ಡಾಕ್ಟರ ಜೊತೆ ಮಾತಾಡಬಹುದಿತ್ತು. 1942ರ ಹೊತ್ತಿಗೆ ಔಷಧ ಪೆಟ್ಟಿಗೆಗಳೂ ಬಂದವು. ಒಳಗಿನ ಪ್ರತಿ ಔಷಧಕ್ಕೂ ಒಂದೊಂದು ನಂಬರ್. ಇಂಥ ನಂಬರಿನ ಮಾತ್ರೆ ಕೊಡಿ ಅಂತ ಡಾಕ್ಟರ್ ರೇಡಿಯೋದಲ್ಲಿ ಹೇಳಿದರೆ ಮನೆಯವರು ತೆಗೆದು ಕೊಡುವುದು. ಔಷಧದ ಹೆಸರು ಕೇಳಿಸದೆ ಹೋದೀತು, ತಪ್ಪಾಗಿ ಓದಿಯಾರು ಅಂತ ಯೋಚಿಸಿ ಯಾರೋ ಆ ನಂಬರ್ ಹಾಕಿದ್ದಾರೆ. ದೊಡ್ಡಮ್ಮನ ಎರಡು ಡಬ್ಬಿಗಳ ಮೇಲೆ ಅಂಥದ್ದೊಂದು ನಂಬರ್ ಇದ್ದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ.

ಅಮೆರಿಕದ ಅಲಾಸ್ಕಾ ರಾಜ್ಯದಲ್ಲೂ ಹೀಗೇ. ರಸ್ತೆಯೇ ಇಲ್ಲದ ಹಳ್ಳಿಗಳಲ್ಲಿ ಅಲ್ಲಿನವರನ್ನೇ ಆರಿಸಿ, ತರಬೇತಿ ಕೊಟ್ಟು ಆರೋಗ್ಯ ಸಹಾಯಕರನ್ನಾಗಿ ಮಾಡಿದರು. 1968ರಲ್ಲಿ ಅಮೆರಿಕದ ಸಂಸತ್ತು ಅದಕ್ಕೆ ಹಣ ಕೊಟ್ಟಿತು. ಆಸ್ಪತ್ರೆಯ ಡಾಕ್ಟರ್ ದಿನಾ ಗೊತ್ತಾದ ಹೊತ್ತಿಗೆ ರೇಡಿಯೋ ಮುಂದೆ ಕೂತು ಒಂದೊಂದೇ ಹಳ್ಳಿಯ ಸಹಾಯಕರ ಜೊತೆ ರೋಗಿಗಳ ಬಗ್ಗೆ ಮಾತಾಡುತ್ತಿದ್ದರು. ದಿನಾ, ಗೊತ್ತಾದ ಹೊತ್ತಿಗೆ. ಇದೇ ಗುಟ್ಟು ಅನ್ನಿಸುತ್ತದೆ ನನಗೆ. ಬಿಡುವಾದಾಗ ಮಾಡಿ ಅಂದಿದ್ದರೆ ಬಿಡುವು ಆಗುತ್ತಲೇ ಇರಲಿಲ್ಲ.

ಆದರೆ ಆ ರೇಡಿಯೋಗೆ ಒಂದು ಕೊರತೆ ಇತ್ತು. ರೇಡಿಯೋ ಇರುವ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದಿತ್ತು. ಯಾರಿಗೆ ಯಾವ ಕಾಯಿಲೆ ಅಂತ ಊರಿಗೆಲ್ಲ ಗೊತ್ತಾಗುವ ಸ್ಥಿತಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇವತ್ತೂ ಆ ಅಪಾಯ ಹೋಗಿಲ್ಲ. ಪಟ್ಟಣದಲ್ಲಿ ನಿಮ್ಮ ಫೈಲ್ ನೋಡುವವರು ನಿಮಗೆ ಅಪರಿಚಿತರು. ಚಿಕ್ಕ ಊರಲ್ಲಿ ಫೈಲ್ ನೋಡುವವರು ಪಕ್ಕದ ಮನೆಯವರು, ನೆಂಟರು. ಎಚ್ಐವಿ ಇರುವವರು, ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರು, ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಗಳು, ಇವರೆಲ್ಲ ಹತ್ತಿರದ ಕೇಂದ್ರ ಬಿಟ್ಟು ಯಾಕೆ ದೂರ ಹೋಗುತ್ತಾರೆ ಅಂತ ಯಾರಾದರೂ ಕೇಳಿದ್ದೀರಾ? ಎಲ್ಲರ ಮಾಹಿತಿಯನ್ನೂ ಒಂದೇ ಕಂಪ್ಯೂಟರಿನಲ್ಲಿ ಹಾಕಿ ಜೋಡಿಸುವ ಮೊದಲು, ಯಾರು ಯಾವುದನ್ನು ನೋಡಬಹುದು ಅಂತ ರೋಗಿಯನ್ನು ಕೇಳುವ ವ್ಯವಸ್ಥೆ ಬೇಕು. ನಂಬಿಕೆ ಒಂದು ಸಲ ಹೋದರೆ ಜನ ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

ಇನ್ನು ದೊಡ್ಡ ಆಸ್ಪತ್ರೆಗಳವರಿಗೆ ಒಂದು ಮಾತು. ಜಾಲ ಅಂದರೆ ಮೇಲಿನವರು ಕೆಳಗಿನವರಿಗೆ ಪಾಠ ಹೇಳುವುದು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅಮೆರಿಕದ ಮೇಯ್ನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಹೃದಯ ಶಸ್ತ್ರಚಿಕಿತ್ಸಕರು 1987ರಲ್ಲಿ ಒಂದು ಗುಂಪು ಕಟ್ಟಿಕೊಂಡರು. ಆಪರೇಷನ್ ಆದ ಮೇಲೆ ಸಾಯುವವರ ಪ್ರಮಾಣ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ ಇತ್ತು. ರೋಗಿಗಳ ಸ್ಥಿತಿಯಲ್ಲಿನ ವ್ಯತ್ಯಾಸ ಕಳೆದು ನೋಡಿದರೂ ಅಂತರ ಉಳಿಯುತ್ತಿತ್ತು. ಆಗ ಅವರು ಏನು ಮಾಡಿದರು ಗೊತ್ತಾ? ತಮ್ಮ ತಮ್ಮ ಲೆಕ್ಕವನ್ನು ಒಬ್ಬರಿಗೊಬ್ಬರು ತೋರಿಸಿದರು. ಆಮೇಲೆ ಒಬ್ಬರ ಆಪರೇಷನ್ ಕೋಣೆಗೆ ಇನ್ನೊಬ್ಬರು ಹೋಗಿ ನಿಂತು ನೋಡಿದರು. ನೀವು ಇದನ್ನು ಹೀಗ್ಯಾಕೆ ಮಾಡುತ್ತೀರಿ, ನಾವು ಹಾಗೆ ಮಾಡುತ್ತೇವಲ್ಲ ಅಂತ ಕೇಳಿದರು. ಅಲ್ಲಿದ್ದದ್ದು 23 ಮಂದಿ ಸರ್ಜನ್‌ಗಳು. ಸಾವು ನಿರೀಕ್ಷೆ ಮಾಡಿದ್ದ ಲೆಕ್ಕಕ್ಕಿಂತ 24% ಕಡಿಮೆಯಾಯಿತು ಅಂತ 1996ರಲ್ಲಿ ವರದಿ ಮಾಡಿದರು. ಇದರಲ್ಲಿ ಹೊಸ ಔಷಧ ಇರಲಿಲ್ಲ. ತನ್ನ ಆಸ್ಪತ್ರೆಯಲ್ಲಿ ಸತ್ತವರ ಲೆಕ್ಕವನ್ನು ಪಕ್ಕದ ಆಸ್ಪತ್ರೆಯವರ ಮುಂದೆ ಇಡುವುದಕ್ಕೆ ಎಷ್ಟು ಧೈರ್ಯ ಬೇಕು! ಆ ಲೆಕ್ಕ ನಾಳೆ ಪತ್ರಿಕೆಯಲ್ಲಿ ಬರುತ್ತದೆ, ಬಡ್ತಿ ನಿಲ್ಲುತ್ತದೆ ಅನ್ನುವ ಭಯ ಇದ್ದರೆ ಯಾರೂ ಇಡುವುದಿಲ್ಲ. ಹಾಗಾಗಿ ತಪ್ಪು ಒಪ್ಪಿಕೊಂಡು ಕಲಿಯುವವರಿಗೆ ರಕ್ಷಣೆ ಕೊಡುವುದು ಆಡಳಿತದಲ್ಲಿರುವ ನಿಮ್ಮ ಕೆಲಸ.

ಮನೆ ಬಾಗಿಲಿನವರೆಗೆ ಹೋಗುವವರ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವೇ. ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೇ ಹಸುಗೂಸುಗಳ ಆರೈಕೆ ಕಲಿಸಿದರು. ಆಸ್ಪತ್ರೆ ಕೈಗೆಟುಕದ 39 ಹಳ್ಳಿಗಳು. ಮಗುವಿನ ತೂಕ ನೋಡುವುದು, ಬೆಚ್ಚಗೆ ಇಡುವುದು, ಉಸಿರಾಟ ಗಮನಿಸುವುದು, ಸೋಂಕು ಆಗಿದ್ದರೆ ಗುರುತಿಸಿ ಇಂಜೆಕ್ಷನ್ ಕೊಡುವುದು. ಈ ಕೆಲಸ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಹುಟ್ಟಿದ ತಿಂಗಳೊಳಗಿನ ಶಿಶುಗಳ ಸಾವು 62% ಕಡಿಮೆಯಾಯಿತು ಅಂತ 1999ರ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಇದನ್ನು ಓದಿ ಹಳ್ಳಿಯ ಹೆಂಗಸರೇ ಸಾಕು, ಡಾಕ್ಟರ್ ಬೇಡ ಅಂತ ಯಾರಾದರೂ ಅರ್ಥ ಮಾಡಿಕೊಂಡರೆ ಅದು ದೊಡ್ಡ ತಪ್ಪು. ಅವರ ಬೆನ್ನಿಗೆ ತರಬೇತಿ ಇತ್ತು, ಔಷಧ ತಪ್ಪದೆ ಬರುತ್ತಿತ್ತು, ಆಗಾಗ ಬಂದು ನೋಡಿ ತಿದ್ದುವವರು ಇದ್ದರು. ಒಬ್ಬಂಟಿಯಾಗಿ ಬಿಟ್ಟಿದ್ದರೆ ಅವರಿಂದ ಇದು ಆಗುತ್ತಿರಲಿಲ್ಲ.

ಮತ್ತೆ, ಅವರಿಗೆ ಸಂಬಳ ಕೊಡಿ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಅವರ ಕೆಲಸಕ್ಕೆ ತಕ್ಕ ಹಣ ಕೊಡಬೇಕು, ಬರೀ ಕೆಲಸಕ್ಕಿಷ್ಟು ಅನ್ನುವ ಪ್ರೋತ್ಸಾಹ ಧನದ ಮೇಲೆ ಅವರನ್ನು ಬಿಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಯಾವುದಕ್ಕೆ ದುಡ್ಡು ಇದೆಯೋ ಆ ಕೆಲಸ ಆಗುತ್ತದೆ, ಯಾವುದಕ್ಕೆ ಇಲ್ಲವೋ ಅದು ಹಿಂದೆ ಬೀಳುತ್ತದೆ. ಇದು ಅವರ ಮನಸ್ಸಿನ ದೋಷವಲ್ಲ, ಹೊಟ್ಟೆಪಾಡು. ರಾತ್ರಿ ಹನ್ನೆರಡಕ್ಕೆ ಹೆರಿಗೆ ನೋವಿನವಳ ಜೊತೆ ಹೋಗುವ ಹೆಣ್ಣುಮಗಳನ್ನು ಸ್ವಯಂಸೇವಕಿ ಅಂತ ಕರೆದು ಚಪ್ಪಾಳೆ ತಟ್ಟುವುದು ನ್ಯಾಯ ಅಲ್ಲ.

ಹೆರಿಗೆ ಅಂದಾಗ ನೆನಪಾಯಿತು. ತಾಯಂದಿರ ಸಾವಿನ ಬಗ್ಗೆ ಕೆಲಸ ಮಾಡಿದ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇಯ್ನ್ 1994ರಲ್ಲಿ ಮೂರು ತಡಗಳ ಬಗ್ಗೆ ಬರೆದರು: ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನ ಮಾಡುವಲ್ಲಿ ತಡ, ಹೋಗಿ ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಈ ಮೂರರಲ್ಲಿ ಯಾವುದನ್ನು ಒಂದು ಆಸ್ಪತ್ರೆ ಒಂಟಿಯಾಗಿ ಸರಿಮಾಡಬಲ್ಲದು ಹೇಳಿ. ಮೊದಲನೆಯದಕ್ಕೆ ಮನೆಯವರ ಮನಸ್ಸು ಗೊತ್ತಿರುವ ಕಾರ್ಯಕರ್ತೆ ಬೇಕು. ಎರಡನೆಯದಕ್ಕೆ ಆಂಬುಲೆನ್ಸ್ ಚಾಲಕ ಬೇಕು, ಮಳೆಗಾಲದಲ್ಲಿ ಯಾವ ಸೇತುವೆ ಮುಳುಗುತ್ತದೆ ಅಂತ ಅವನಿಗೆ ಗೊತ್ತಿರಬೇಕು. ಮೂರನೆಯದಕ್ಕೆ ಹೊರಡುವ ಮೊದಲೇ ಒಂದು ಫೋನ್ ಹೋಗಿರಬೇಕು, ರಕ್ತ ಇದೆಯಾ, ಅರಿವಳಿಕೆ ಡಾಕ್ಟರ್ ಇವತ್ತು ಇದ್ದಾರಾ ಅಂತ. ಇಲ್ಲ ಅಂತಾದರೆ ಅಲ್ಲಿಗೆ ಹೋಗಿ, ಅಲ್ಲಿಂದ ಮತ್ತೊಂದು ಕಡೆಗೆ, ಹೀಗೆ ದಾರಿಯಲ್ಲೇ ಹೊತ್ತು ಕಳೆದುಹೋಗುತ್ತದೆ. ಹೆರಿಗೆ ಆದ ಮೇಲೆ ರಕ್ತ ಹೋಗುತ್ತಿರುವ ತಾಯಿಗೆ ಒಂದೆರಡು ಗಂಟೆ ಅಂದರೆ ಪ್ರಾಣ. ಆಂಬುಲೆನ್ಸ್ ಚಾಲಕನನ್ನು ನಿಮ್ಮ ಸಭೆಗೆ ಯಾವತ್ತಾದರೂ ಕರೆದಿದ್ದೀರಾ?

ನಾನು ಹೆದರುವ ವಿಷಯವನ್ನೂ ಹೇಳಿಬಿಡುತ್ತೇನೆ. ಜಾಲ ಅನ್ನುವ ಹೆಸರಿನಲ್ಲಿ ಒಂದು ಆ್ಯಪ್ ಬರುತ್ತದೆ. ಕ್ಷಯಕ್ಕೆ ಒಂದು, ಗರ್ಭಿಣಿಯರಿಗೆ ಒಂದು, ಶುಗರ್‌ಗೆ ಇನ್ನೊಂದು. ಒಬ್ಬಳೇ ನರ್ಸ್, ಒಬ್ಬಳೇ ರೋಗಿ, ಅದೇ ಹೆಸರು ಅದೇ ವಯಸ್ಸನ್ನು ಮೂರು ಕಡೆ ತುಂಬಿಸಬೇಕು. ರೋಗಿಯ ಮುಖ ನೋಡುವ ಹೊತ್ತು ಸ್ಕ್ರೀನಿಗೆ ಹೋಗುತ್ತದೆ. ಎರಡು ವರ್ಷಕ್ಕೆ ಯೋಜನೆಯ ಹಣ ಮುಗಿಯುತ್ತದೆ, ಆ್ಯಪ್ ನಿಲ್ಲುತ್ತದೆ, ತಜ್ಞರ ವಿಡಿಯೋ ಸಭೆಯೂ ನಿಲ್ಲುತ್ತದೆ. ನಂಬಿಕೊಂಡಿದ್ದ ಜನ ಮತ್ತೆ ನಡುದಾರಿಯಲ್ಲಿ. ಇಂಥದ್ದನ್ನು ಕಟ್ಟುವುದಕ್ಕಿಂತ ಕಟ್ಟದೇ ಇರುವುದು ವಾಸಿ. ಹತ್ತು ವರ್ಷ ನಡೆಸುವ ಹಣ ಇದ್ದರೆ ಮಾತ್ರ ಶುರು ಮಾಡಿ, ಇಲ್ಲವೇ ದಿನನಿತ್ಯದ ಬಜೆಟ್ಟಿನೊಳಗೆ ಸೇರಿಸಿ. ಎಷ್ಟು ವಿಡಿಯೋ ಕರೆ ಆಯಿತು ಅಂತ ಎಣಿಸಿ ಸಮಾಧಾನ ಪಟ್ಟುಕೊಳ್ಳಬೇಡಿ. ಕಳಿಸಿದ ನೂರು ರೋಗಿಗಳಲ್ಲಿ ಎಷ್ಟು ಮಂದಿಯ ಸುದ್ದಿ ಕಳಿಸಿದವರಿಗೆ ವಾಪಸ್ ಬಂತು, ಅದನ್ನು ಎಣಿಸಿ. ಆ ಒಂದು ಅಂಕಿ ಸಾಕು, ಜಾಲ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ನಾನು ಕೇಳುವುದು ದೊಡ್ಡ ಕಟ್ಟಡ ಅಲ್ಲ. ರೋಗಿ ಡಿಸ್ಚಾರ್ಜ್ ಆದ ದಿನವೇ ಕಳಿಸಿದವರಿಗೆ ಒಂದು ಫೋನ್, ಜೊತೆಗೆ ಮನೆಯವರಿಗೂ ಅರ್ಥವಾಗುವ ಭಾಷೆಯಲ್ಲಿ ಒಂದು ಚೀಟಿ. ಯಾವ ಹಳೆಯ ಮಾತ್ರೆ ನಿಲ್ಲಿಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಔಷಧದ ನಿಜವಾದ ಹೆಸರಿನ ಸಮೇತ. ಈ ಫೋನ್ ಮಾಡುವುದು ಯಾರ ಕೆಲಸ ಅಂತ ಒಬ್ಬರ ಹೆಸರು ಗೋಡೆಯ ಮೇಲೆ ಇರಬೇಕು. ಅವರ ಸಂಬಳದಲ್ಲಿ, ಕೆಲಸದ ಗಂಟೆಗಳಲ್ಲಿ ಅದಕ್ಕೆ ಜಾಗ ಇರಬೇಕು. ಚಿಕ್ಕ ಆಸ್ಪತ್ರೆಯ ನರ್ಸಿಗೆ ಸಂದೇಹ ಬಂದರೆ ಫೋನ್ ಮಾಡಲು ಒಂದು ನಂಬರ್, ಆ ಕಡೆ ಬೈಯದೆ ಉತ್ತರ ಹೇಳುವ ಒಬ್ಬ ಡಾಕ್ಟರ್. ಬೈಯದೆ ಅನ್ನುವುದನ್ನು ಬೇಕೆಂತಲೇ ಬರೆದಿದ್ದೇನೆ. ಇಷ್ಟಕ್ಕೆ ಯಾಕೆ ಫೋನ್ ಮಾಡಿದಿರಿ ಅಂತ ಒಂದು ಸಲ ಕೇಳಿಸಿಕೊಂಡವರು, ನಿಜವಾಗಿ ಬೇಕಾದ ದಿನ ಫೋನ್ ಎತ್ತಲು ಹಿಂಜರಿಯುತ್ತಾರೆ.

ಮತ್ತೆ ಒಂದೇ ಒಂದು ಕೋರಿಕೆ. ಹಳ್ಳಿಗಳ ಆರೋಗ್ಯದ ಬಗ್ಗೆ ನೀವು ಮುಂದಿನ ಸಲ ಸಭೆ ಸೇರಿದಾಗ ಅಂಥ ಒಬ್ಬ ನರ್ಸನ್ನು ಮೇಜಿನ ಹತ್ತಿರ ಕೂರಿಸಿ, ಮೊದಲು ಅವರಿಗೇ ಮಾತಾಡಲು ಬಿಡಿ. ಆ ದಿನ ಅವರ ಜಾಗದಲ್ಲಿ ಕೆಲಸ ಮಾಡಲು ಇನ್ನೊಬ್ಬರನ್ನು ಕಳಿಸಿಕೊಡಿ. ಇಲ್ಲದಿದ್ದರೆ ಅವರು ಬರುವುದಿಲ್ಲ. ಆ ದಿನವೂ ಅವರ ಬಾಗಿಲಲ್ಲಿ ಜನ ಕಾಯುತ್ತಾ ಇರುತ್ತಾರೆ.

ಇಂತಿ,
ರೋಗಿಯ ಜೊತೆ ಬರುವವರಲ್ಲಿ ಒಬ್ಬಳು